ಚೇಳಿನ ಕುಲಗೋತ್ರ

ಚೇಳು ಕಂಡೊಡನೆ ನಾವು ಚಪ್ಪಲಿ ಹುಡುಕುತ್ತೇವೆ. ವಿಜ್ಞಾನಿಗಳು ಅದರ ಕುಲಗೋತ್ರ ಹುಡುಕಿದರು. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಚೇಳು, ಜೇಡಗಳನ್ನು ಕೀಟಗಳಲ್ಲೇ ಸೇರಿಸಿದ್ದ. ಆದರೆ ಕೀಟಕ್ಕೆ ಕಾಲು ಆರು, ಇವಕ್ಕೆ ಎಂಟು. ತಲೆಯ ಮೇಲೆ ಮೀಸೆಯೂ ಇಲ್ಲ. 1801ರಲ್ಲಿ ಫ್ರಾನ್ಸಿನ ಲಾಮಾರ್ಕ್ ಇವನ್ನು ಬೇರೆ ವರ್ಗವಾಗಿಯೇ ವಿಂಗಡಿಸಿದ.

ನಮ್ಮ ದೇಶದ ಕೆಂಪು ಚೇಳಿಗೆ 1798ರಲ್ಲಿ ಫ್ಯಾಬ್ರೀಷಿಯಸ್ ಇಟ್ಟ ಹೆಸರು 'ಟಾಮುಲಸ್'. ಅದರ ಮನೆತನ ಮಾತ್ರ ಬದಲಾಗುತ್ತ ಬಂತು: ಬ್ಯೂಥಸ್, ಮೀಸೋಬ್ಯೂಥಸ್, 2007ರಿಂದ ಹಾಟೆಂಟೊಟ್ಟಾ.

ಇದು ಬರೀ ಪಂಡಿತರ ಜಗಳವಲ್ಲ. ಕೊಂಕಣದ ಮಹಾಡಿನಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ಪ್ರಾಜೋಸಿನ್ ಮಾತ್ರೆ ಕೊಟ್ಟು ಜೀವ ಉಳಿಸಿದ್ದು ಈ ಚೇಳು ಕುಟುಕಿದವರನ್ನೇ. ಅಂದಿನ ವೈದ್ಯರ ಬರಹದ ಚೇಳೂ ಇಂದಿನ ಪುಸ್ತಕದ ಚೇಳೂ ಒಂದೇ ಎಂಬುದಕ್ಕೆ ಉಳಿದಿರುವ ಗುರುತು 'ಟಾಮುಲಸ್'. ಊರೂರು ವರ್ಗವಾಗಿಯೂ ಹೆಸರು ಬಿಡದ ನಮಗೆ ಇದು ಚೆನ್ನಾಗಿ ಅರ್ಥವಾದೀತು.