ಹಳೆಯ ಕಂಪ್ಯೂಟರಿನಿಂದ ಹೊಸತಕ್ಕೆ: ಒಂದು ಪರವಾನಗಿಯ ಇತಿಹಾಸ



ಮನೆ ಬದಲಾಯಿಸುವಾಗ ಪಾತ್ರೆ, ಮಂಚ, ಬೀರುಗಳನ್ನು ಹೊಸ ಮನೆಗೆ ಒಯ್ಯುತ್ತೇವೆ. ಯಾರೂ ತಡೆಯುವುದಿಲ್ಲ. ಆದರೆ ಹಳೆಯ ಕಂಪ್ಯೂಟರಿನಲ್ಲಿದ್ದ ವಿಂಡೋಸ್ ಅನ್ನು ಹೊಸ ಕಂಪ್ಯೂಟರಿಗೆ ಒಯ್ಯಬಹುದೇ? ನೆಲಮಂಗಲದಿಂದ ಬಸ್ಸು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸಿಕೊಂಡವರಲ್ಲಿ ಅನೇಕರು ಈ ಪ್ರಶ್ನೆ ಕೇಳಿಕೊಂಡವರೇ ಅಲ್ಲ. ಯಾರೋ ಒಂದು ಸಿ.ಡಿ. ಹಾಕಿಕೊಟ್ಟರು, ಯಂತ್ರ ನಡೆಯಿತು, ಅಷ್ಟೇ.

ಈ ಪ್ರಶ್ನೆಗೆ ಅರ್ಧ ಶತಮಾನದ ಇತಿಹಾಸವಿದೆ. 1976ರ ಫೆಬ್ರವರಿಯಲ್ಲಿ ಯುವಕ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಯಂತ್ರಕ್ಕೆ ಹಣ ಕೊಡುವವರು ತಂತ್ರಾಂಶವನ್ನು ಮಾತ್ರ ಹಂಚಿಕೊಂಡು ಬಳಸುತ್ತಾರೆ ಎಂಬುದು ಅವರ ದೂರು. 1981ರಲ್ಲಿ ಐ.ಬಿ.ಎಂ. ಪಿ.ಸಿ. ಬಂದ ಮೇಲೆ ಈ ವ್ಯಾಪಾರದ ಸ್ವರೂಪ ಗಟ್ಟಿಯಾಯಿತು. ಗ್ರಾಹಕನಿಗೆ ಸಿಗುವುದು ತಂತ್ರಾಂಶದ ಒಡೆತನವಲ್ಲ, ಬಳಸುವ ಅನುಮತಿ ಮಾತ್ರ.

ಈ ಅನುಮತಿಯಲ್ಲಿ ಮುಖ್ಯವಾಗಿ ಎರಡು ಬಗೆ. ಪೆಟ್ಟಿಗೆಯಲ್ಲಿ ಬಿಡಿಯಾಗಿ ಕೊಂಡ ಪ್ರತಿಯನ್ನು ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಬಹುದು. ಆದರೆ ಒಂದು ಸಲಕ್ಕೆ ಒಂದೇ ಯಂತ್ರ. ಕಂಪ್ಯೂಟರಿನ ಜೊತೆಗೇ ಬಂದ 'ಓ.ಇ.ಎಂ.' ಪ್ರತಿ ಆ ಯಂತ್ರಕ್ಕೇ ಅಂಟಿಕೊಂಡದ್ದು. ಯಂತ್ರವನ್ನು ಮಾರಿದರೆ ಅಥವಾ ದಾನ ಮಾಡಿದರೆ ಪರವಾನಗಿಯೂ ಅದರೊಂದಿಗೆ ಹೋಗುತ್ತದೆ. ಯಂತ್ರ ಕೆಟ್ಟರೆ ಅದರೊಂದಿಗೇ ಮುಗಿಯುತ್ತದೆ. ಮದರ್‌ಬೋರ್ಡ್ ಬದಲಾದರೆ ಸಾಮಾನ್ಯವಾಗಿ ಅದನ್ನು ಹೊಸ ಯಂತ್ರವೆಂದೇ ಎಣಿಸುತ್ತಾರೆ.

2001ರ ಅಕ್ಟೋಬರ್ 25ರಂದು ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿ ಈ ನಿಯಮಕ್ಕೆ ಬೀಗ ಹಾಕಿತು. 25 ಅಕ್ಷರಗಳ ಕೀಲಿಯನ್ನೂ ಯಂತ್ರದ ಗುರುತನ್ನೂ ಜೋಡಿಸಿ ಕಂಪನಿಯಲ್ಲಿ ದಾಖಲಿಸುವ 'ಆಕ್ಟಿವೇಶನ್' ಮನೆಮನೆಗೆ ಬಂತು. 2012ರ ವಿಂಡೋಸ್ 8ರ ಕಾಲಕ್ಕೆ ಕೀಲಿಯು ಯಂತ್ರದ ಒಳಗಿನ ಚಿಪ್ಪಿಗೇ ಸೇರಿತು. 2016ರಿಂದ ವಿಂಡೋಸ್ 10ರ ಪರವಾನಗಿಯನ್ನು ಬಳಕೆದಾರರ ಖಾತೆಗೆ ಜೋಡಿಸುವ ಅನುಕೂಲವಾಯಿತು.

ನ್ಯಾಯಾಲಯಗಳೂ ಸುಮ್ಮನಿರಲಿಲ್ಲ. 2000ದ ಜುಲೈಯಲ್ಲಿ ಜರ್ಮನಿಯ ಉನ್ನತ ನ್ಯಾಯಾಲಯವು, ಒಮ್ಮೆ ಮಾರಿದ ಓ.ಇ.ಎಂ. ಪ್ರತಿಯನ್ನು ಯಂತ್ರವಿಲ್ಲದೆ ಮರುಮಾರಾಟ ಮಾಡುವುದನ್ನು ಕಂಪನಿ ತಡೆಯಲಾಗದು ಎಂದಿತು. ನಮ್ಮಲ್ಲಿ ಪ್ರಶ್ನೆ ತೆರಿಗೆಯ ದಾರಿಯಿಂದ ಬಂತು. ವಿದೇಶಿ ತಂತ್ರಾಂಶಕ್ಕೆ ಕೊಡುವ ಹಣ 'ರಾಯಲ್ಟಿ' ಎಂದು 2011ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತ್ತು. ಕರ್ನಾಟಕದಿಂದ ಹೋದ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಮೊಕದ್ದಮೆಯಲ್ಲಿ, 2021ರ ಮಾರ್ಚ್ 2ರಂದು, ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕೊಂಡವನಿಗೆ ಸಿಗುವುದು ಒಂದು ಪ್ರತಿಯ ಬಳಕೆಯೇ ಹೊರತು ಕೃತಿಸ್ವಾಮ್ಯವಲ್ಲ ಎಂಬುದು ಅದರ ತಿರುಳು. ಇನ್ನು ಕಳ್ಳಪ್ರತಿಯೆಂದು ತಿಳಿದೂ ಬಳಸುವವರಿಗೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಲ್ಲಿ ಶಿಕ್ಷೆಯಿದೆ. 1994ರ ತಿದ್ದುಪಡಿಯ ಕೊಡುಗೆ ಅದು.

ಇನ್ನೊಂದು ದಾರಿಯೂ ತೆರೆದಿದೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನು ಯೋಜನೆ, 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ಇವೆರಡೂ ಸೇರಿ ಎಷ್ಟು ಯಂತ್ರಗಳಿಗಾದರೂ ನಕಲು ಮಾಡಿಕೊಳ್ಳಬಹುದಾದ ವ್ಯವಸ್ಥೆಯಾಯಿತು. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ (2017ರಿಂದ 'ಕೈಟ್') ಮುಂದೆ ಇದನ್ನೇ ಹಿಡಿಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಶಾಲೆಯಲ್ಲಿ ಲಿನಕ್ಸ್ ಕಲಿಯುತ್ತಾರೆ. ಅಲ್ಲಿ 'ಹೊಸ ಯಂತ್ರಕ್ಕೆ ಒಯ್ಯಬಹುದೇ?' ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಈಗ ಇದೆಲ್ಲ ಏಕೆ ಎನ್ನುವಿರಾ? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11 ಕೇಳುವ ಟಿ.ಪಿ.ಎಂ. 2.0 ಸೌಲಭ್ಯ ಅನೇಕ ಹಳೆಯ ಯಂತ್ರಗಳಲ್ಲಿಲ್ಲ. ಕಚೇರಿಗಳು ಅವನ್ನು ಶಾಲೆಗಳಿಗೆ ದಾನ ಕೊಡಲು ಮುಂದೆ ಬರಬಹುದು. ಪಡೆಯುವ ಮುನ್ನ ಪರವಾನಗಿಯ ಕಾಗದ ಕೇಳಿ, ಯಾವ ಬಗೆಯದೆಂದು ನೋಡಿ. ಇಲ್ಲವಾದರೆ ಲಿನಕ್ಸ್ ಹಾಕಿ; ಬಡ ವಿದ್ಯಾರ್ಥಿಯ ಕಲಿಕೆ ನಿಲ್ಲಬೇಕಾಗಿಲ್ಲ.

ವಿದ್ಯಾರ್ಥಿಗಳೇ, ಕದ್ದ ಕೀಲಿಯಿಂದಲೂ ಬಾಗಿಲು ತೆರೆಯುತ್ತದೆ, ನಿಜ. ಆದರೆ ವಿದ್ಯೆಯ ಮೊದಲ ಮೆಟ್ಟಿಲನ್ನೇ ಸುಳ್ಳಿನ ಮೇಲೆ ಇಡುವುದು ಬೇಡ. ನೇರವಾದ ದಾರಿ ನಮಗೆ ಕೈಗೆಟಕುವ ದೂರದಲ್ಲಿಯೇ ಇದೆ.