ಇಂಗ್ಲೆಂಡಿನ ಹಳ್ಳಿಗಳಲ್ಲಿ ವಯಸ್ಕರ ಪಾಠ: ಚರಿತ್ರೆ ಮತ್ತು ಕೈಕಸುಬು

ಇಂಗ್ಲೆಂಡಿನ ಹಳ್ಳಿಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಬೇರೂರಿದ ವಯಸ್ಕರ ಶಿಕ್ಷಣದ ಒಂದು ಬಗೆಯನ್ನು ‘ಡೇ ಸ್ಕೂಲ್’ ಎಂದು ಕರೆಯುತ್ತಾರೆ. ಸಾಮಾನ್ಯವಾಗಿ ಶನಿವಾರದಂದು ಊರಿನ ಸಮುದಾಯ ಭವನದಲ್ಲೋ ಶಾಲೆಯ ಕೋಣೆಯಲ್ಲೋ ಬೆಳಿಗ್ಗೆ ಆರಂಭವಾಗಿ, ಮಧ್ಯಾಹ್ನ ಊಟಕ್ಕೆ ಬಿಡುವು ಕೊಟ್ಟು, ಸಂಜೆಯ ಚಹಾದ ಹೊತ್ತಿಗೆ ಮುಗಿಯುವ ಈ ಪಾಠದಲ್ಲಿ ಪರೀಕ್ಷೆಯಾಗಲಿ ಪ್ರಮಾಣಪತ್ರವಾಗಲಿ ಇರುವುದಿಲ್ಲ. ದಿನವಿಡೀ ಒಂದೇ ವಿಷಯವನ್ನು ಹಿಡಿದು ಕೂರಲಾಗುತ್ತದೆ. ಹಳ್ಳಿಯವರು ಹೆಚ್ಚಾಗಿ ಬಯಸಿದ ವಿಷಯಗಳಲ್ಲಿ ಊರಿನ ಚರಿತ್ರೆಯೂ ಕೈಕಸುಬೂ ಮುಖ್ಯವಾದವು. ಒಂದು ಪುಸ್ತಕದ ವಿದ್ಯೆ, ಇನ್ನೊಂದು ಕೈಯ ವಿದ್ಯೆ ಎಂದು ಬೇರ್ಪಡಿಸುವ ರೂಢಿಯಿದ್ದರೂ, 1870ರ ದಶಕದಿಂದ ಕೃಷಿ ಕುಸಿದು ಜನ ಪಟ್ಟಣಗಳತ್ತ ಹೊರಟು ಊರಿನ ಕಸುಬುಗಳು ಒಂದೊಂದಾಗಿ ನಿಂತುಹೋಗುತ್ತಿದ್ದ ಸನ್ನಿವೇಶವೇ ಎರಡರ ಬಗೆಗಿನ ಆಸಕ್ತಿಗೂ ಇಂಬು ಕೊಟ್ಟಿತೆಂಬುದನ್ನು ಮರೆಯಲಾಗದು.

ಚರಿತ್ರೆಯ ಪಾಠಕ್ಕೆ ಬುನಾದಿ ಬಿದ್ದದ್ದು ಹಳ್ಳಿಯಲ್ಲಲ್ಲ, ಕಾರ್ಮಿಕರ ಪಟ್ಟಣಗಳಲ್ಲಿ. ಸಹಕಾರಿ ಚಳವಳಿಯಲ್ಲಿ ಗುಮಾಸ್ತನಾಗಿದ್ದ ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ 1903ರಲ್ಲಿ ಕಟ್ಟಿದ ‘ವರ್ಕರ್ಸ್ ಎಜುಕೇಷನಲ್ ಅಸೋಸಿಯೇಷನ್’ ಎಂಬ ಕಾರ್ಮಿಕ ಶಿಕ್ಷಣ ಸಂಘವು 1908ರಲ್ಲಿ ರಾಚ್‌ಡೇಲ್ ಮತ್ತು ಲಾಂಗ್‌ಟನ್‌ಗಳಲ್ಲಿ ಮೂರು ವರ್ಷಗಳ ತರಗತಿಗಳನ್ನು ತೆರೆದಾಗ, ಪಾಠ ಹೇಳಲು ಬಂದವನು ಆರ್ಥಿಕ ಇತಿಹಾಸಕಾರ ಆರ್. ಎಚ್. ಟಾನಿ. ಪ್ರತಿ ತರಗತಿಯ ಎರಡು ಗಂಟೆಗಳಲ್ಲಿ ಒಂದು ಗಂಟೆ ಉಪನ್ಯಾಸಕ್ಕೆ, ಇನ್ನೊಂದು ಗಂಟೆ ಚರ್ಚೆಗೆ ಮೀಸಲು. ಹದಿನಾರನೆಯ ಶತಮಾನದ ಭೂಹಿಡುವಳಿಯನ್ನು ಕುರಿತು 1912ರಲ್ಲಿ ಪ್ರಕಟಿಸಿದ ಗ್ರಂಥದ ಮುನ್ನುಡಿಯಲ್ಲಿ ಟಾನಿ ತನ್ನ ವಿದ್ಯಾರ್ಥಿಗಳಾದ ನೇಕಾರರು, ಕುಂಬಾರಿಕೆಯ ಕೆಲಸಗಾರರು ಮತ್ತು ಗಣಿಗಾರರಿಂದ ತಾನು ಕಲಿತದ್ದನ್ನು ಸ್ಮರಿಸಿರುವುದು ಬರಿಯ ಸೌಜನ್ಯದ ಮಾತಲ್ಲ. ವಯಸ್ಕ ವಿದ್ಯಾರ್ಥಿಯು ತನ್ನ ದುಡಿಮೆಯ ಅನುಭವದೊಡನೆ ತರಗತಿಗೆ ಬರುತ್ತಾನೆ, ಆ ಅನುಭವವೂ ಚರಿತ್ರೆಯ ಆಕರವೇ ಎಂಬ ತಿಳಿವಳಿಕೆ ಅಲ್ಲಿ ಮೂಡಿತು. ಲಾಂಗ್‌ಟನ್‌ನಲ್ಲಿ ಕಲಿತವರೇ ಮುಂದೆ ಸುತ್ತಲಿನ ಗಣಿಗಾರರ ಹಳ್ಳಿಗಳಿಗೆ ಹೋಗಿ ಪಾಠ ಹೇಳಿದರು.

ಕಸುಬಿನ ಕಲಿಕೆ ಬೇರೆ ದಾರಿಗಳಿಂದ ಬಂದಿತು. ಸಿ. ಆರ್. ಆ್ಯಷ್‌ಬಿ ಎಂಬ ವಾಸ್ತುಶಿಲ್ಪಿ ಲಂಡನ್ನಿನ ಪೂರ್ವ ಭಾಗದಲ್ಲಿ 1888ರಲ್ಲಿ ಸ್ಥಾಪಿಸಿದ ಕುಶಲಕರ್ಮಿಗಳ ಸಂಘವನ್ನು 1902ರಲ್ಲಿ ಕುಟುಂಬಗಳ ಸಮೇತ ಕಾಟ್ಸ್‌ವಲ್ಡ್ ಸೀಮೆಯ ಚಿಪಿಂಗ್ ಕ್ಯಾಂಪ್ಡನ್ ಎಂಬ ಪುಟ್ಟ ಊರಿಗೆ ಸ್ಥಳಾಂತರಿಸಿ, 1904ರಲ್ಲಿ ಅಲ್ಲಿ ಕಲೆ ಮತ್ತು ಕಸುಬಿನ ಶಾಲೆಯೊಂದನ್ನು ತೆರೆದನು. ಸಂಘವು 1908ರಲ್ಲಿ ದಿವಾಳಿಯ ಅಂಚಿನಲ್ಲಿ ಮುಚ್ಚಿತಾದರೂ ಶಾಲೆಯು 1916ರವರೆಗೆ ನಡೆಯಿತು. ಇದಕ್ಕಿಂತ ವ್ಯಾಪಕವಾದ ಕೆಲಸವನ್ನು ಮಾಡಿದ್ದು ‘ವಿಮೆನ್ಸ್ ಇನ್‌ಸ್ಟಿಟ್ಯೂಟ್’ ಎಂಬ ಗ್ರಾಮೀಣ ಮಹಿಳಾ ಸಂಘಗಳು. 1897ರಲ್ಲಿ ಕೆನಡಾದಲ್ಲಿ ಹುಟ್ಟಿದ ಈ ಸಂಘಟನೆಯು 1915ರಲ್ಲಿ ವೇಲ್ಸಿನ ಒಂದು ಹಳ್ಳಿಯ ಮೂಲಕ ಬ್ರಿಟನ್ನಿಗೆ ಬಂದು, ಹೊಲಿಗೆ, ಕೌದಿ, ಬುಟ್ಟಿ ಮುಂತಾದ ಕೆಲಸಗಳನ್ನು ಕಲಿಸುವ ವ್ಯವಸ್ಥೆಯನ್ನು ಊರೂರಿಗೆ ಒಯ್ದಿತು.

ಒಂದು ದಿನದಲ್ಲಿ ಕಸುಬನ್ನು ಕಲಿಸುವುದು ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ಬುಟ್ಟಿ ಹೆಣೆಯುವುದಕ್ಕೆ ಬಳಸುವ ವಿಲೋ ಗಿಡದ ಕಡ್ಡಿಯನ್ನು ಸಿಪ್ಪೆ ಸಮೇತ ಒಣಗಿಸಿದ್ದರೆ ಅದು ಮೆತ್ತಗಾಗಲು ಹಲವು ದಿನ ನೀರಿನಲ್ಲಿ ನೆನೆಯಬೇಕಾಗುತ್ತದೆ. ಸಿಪ್ಪೆ ಸುಲಿದ ಕಡ್ಡಿಗೆ ಒಂದೆರಡು ಗಂಟೆ ಸಾಕು. ಆದ್ದರಿಂದ ಏಕದಿನ ಪಾಠದಲ್ಲಿ ಕಲಿಸುವವರು ಒಂದೋ ದಿನಗಳ ಮೊದಲೇ ನೆನೆಹಾಕಿ ತರಬೇಕು, ಇಲ್ಲವೇ ಸುಲಿದ ಕಡ್ಡಿಗೆ ಒಲಿಯಬೇಕು. ದಪ್ಪ ಕಡ್ಡಿಗಳಲ್ಲಿ ಕೆಲವನ್ನು ನಡುವೆ ಸೀಳಿ, ಸೀಳಿನೊಳಗೆ ಉಳಿದವನ್ನು ತೂರಿಸಿ ಅಡ್ಡ ಕಟ್ಟಿದರೆ ತಳ ಸಿದ್ಧವಾಗುತ್ತದೆ. ಅದರ ಅಂಚಿಗೆ ಉದ್ದನೆಯ ಕಡ್ಡಿಗಳನ್ನು ಚುಚ್ಚಿ ಮೇಲಕ್ಕೆ ಬಾಗಿಸುವಾಗ ಒಣಕಲು ಕಡ್ಡಿ ಮುರಿಯುವುದರಿಂದ, ನೆನೆಯುವ ಕಾಲದ ಲೆಕ್ಕ ತಪ್ಪಿದ್ದು ಆಗಲೇ ಗೊತ್ತಾಗುತ್ತದೆ.

ಪುಸ್ತಕದ ವಿದ್ಯೆ, ಕೈಯ ವಿದ್ಯೆ ಇವೆರಡನ್ನೂ ಒಂದೇ ಸೂರಿನಡಿ ತರಬೇಕೆಂದು ಯೋಚಿಸಿದವನು ಕೇಂಬ್ರಿಜ್‌ಷೈರ್ ಜಿಲ್ಲೆಯ ಶಿಕ್ಷಣಾಧಿಕಾರಿಯಾಗಿದ್ದ ಹೆನ್ರಿ ಮಾರಿಸ್. 1924ರಲ್ಲಿ ಅವನು ಮುಂದಿಟ್ಟ ‘ವಿಲೇಜ್ ಕಾಲೇಜ್’ ಯೋಜನೆಯಲ್ಲಿ ಹಗಲು ಮಕ್ಕಳ ಶಾಲೆಯಾಗಿರುವ ಕಟ್ಟಡವೇ ದೊಡ್ಡವರಿಗೆ ಗ್ರಂಥಾಲಯ, ಕಾರ್ಯಾಗಾರ, ಸಭಾಂಗಣ ಆಗಬೇಕಿತ್ತು. ಮೊದಲನೆಯದು 1930ರಲ್ಲಿ ಸಾಸ್ಟನ್‌ನಲ್ಲಿ ತೆರೆಯಿತು. ವಾಲ್ಟರ್ ಗ್ರೋಪಿಯಸ್ ಮತ್ತು ಮ್ಯಾಕ್ಸ್‌ವೆಲ್ ಫ್ರೈ ವಿನ್ಯಾಸ ಮಾಡಿ 1939ರಲ್ಲಿ ಪೂರ್ಣಗೊಂಡ ಇಂಪಿಂಗ್‌ಟನ್ ಕಾಲೇಜಿನಲ್ಲಿ ವಯಸ್ಕರಿಗೇ ಮೀಸಲಾದ, ತುಸು ಬಾಗಿದ ಒಂದು ಪಾರ್ಶ್ವವಿದೆ. ಹಳ್ಳಿಯವರಿಗೆ ಇಷ್ಟು ಸಾಕೆಂಬ ಧೋರಣೆಯನ್ನು ತಳ್ಳಿಹಾಕಿ ಆ ಕಾಲದ ಶ್ರೇಷ್ಠ ವಾಸ್ತುಶಿಲ್ಪಿಯನ್ನು ಕರೆತಂದ ಮಾರಿಸ್‌ನ ಛಲವು ನಿಜಕ್ಕೂ ಗೌರವಾರ್ಹವಾದುದು.

ಎರಡನೆಯ ಮಹಾಯುದ್ಧದ ಬಳಿಕ ಊರಿನ ಚರಿತ್ರೆಯ ಅಧ್ಯಯನಕ್ಕೆ ಹೊಸ ಹುರುಪು ಬಂದಿತು. ಲೆಸ್ಟರ್‌ನ ವಾನ್ ಕಾಲೇಜಿನಲ್ಲಿ ವಯಸ್ಕರಿಗೆ ಸಂಜೆಯ ಪಾಠ ಹೇಳುತ್ತಿದ್ದ ಡಬ್ಲ್ಯು. ಜಿ. ಹಾಸ್ಕಿನ್ಸ್ 1948ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ಸ್ಥಳೀಯ ಚರಿತ್ರೆಗೆಂದೇ ಹುಟ್ಟಿದ ವಿಭಾಗದ ಮುಖ್ಯಸ್ಥನಾಗಿ, 1955ರಲ್ಲಿ ಇಂಗ್ಲೆಂಡಿನ ಭೂದೃಶ್ಯವನ್ನು ಕುರಿತ ಪ್ರಸಿದ್ಧ ಗ್ರಂಥವನ್ನು ಹೊರತಂದನು. ಹೊಲ, ಬೇಲಿ, ದಾರಿಗಳನ್ನೇ ದಾಖಲೆಗಳಂತೆ ಓದಬಹುದೆಂಬ ಈ ವಿಧಾನವು ಹಳ್ಳಿಯ ತರಗತಿಗೆ ಹೇಳಿ ಮಾಡಿಸಿದಂತಿತ್ತು. ಊರವರ ಮೇಜಿನ ಮೇಲೆ ಹರಡಿದ ಕಾಗದಗಳಲ್ಲಿ ‘ಟೈದ್’ ನಕ್ಷೆಯೂ ಒಂದು. ಬೆಳೆಯ ಹತ್ತನೆಯ ಒಂದು ಪಾಲನ್ನು ಚರ್ಚಿಗೆ ಕೊಡುವ ಪದ್ಧತಿಯನ್ನು 1836ರ ಕಾಯ್ದೆಯು ಹಣದ ಪಾವತಿಗೆ ಬದಲಿಸಿದಾಗ ತಯಾರಾದ ಈ ನಕ್ಷೆಯೂ ಅದರ ಜೊತೆಗಿನ ಪಟ್ಟಿಯೂ, ನಮ್ಮ ಕಡೆಯ ಗ್ರಾಮನಕ್ಷೆ ಮತ್ತು ಪಹಣಿಯ ಹಾಗೆ, ಪ್ರತಿ ತುಂಡು ಭೂಮಿಯ ಒಡೆಯ ಯಾರು, ಉಳುವವ ಯಾರು, ವಿಸ್ತೀರ್ಣ ಎಷ್ಟು ಎಂಬುದನ್ನು ಸಂಖ್ಯೆ ಹಾಕಿ ತಿಳಿಸುತ್ತವೆ.

ಇದಕ್ಕಿಂತಲೂ ಫಲವತ್ತಾದ ಆಕರವೆಂದರೆ ಮೃತರ ಆಸ್ತಿಯ ಪಟ್ಟಿ. ಹದಿನಾರರಿಂದ ಹದಿನೆಂಟನೆಯ ಶತಮಾನದವರೆಗೆ ಊರಿನ ಒಬ್ಬನು ತೀರಿಕೊಂಡರೆ ನೆರೆಯವರು ಮನೆಗೆ ಬಂದು ಕೋಣೆ ಕೋಣೆಯ ಸಾಮಾನನ್ನು ಬರೆದು ಬೆಲೆ ಕಟ್ಟುತ್ತಿದ್ದರು; ಮಂಚ, ಹಂಡೆ, ನೂಲುವ ರಾಟೆ, ಮಗ್ಗ, ಉಳಿ, ಸುತ್ತಿಗೆ ಎಲ್ಲವೂ ಅದರಲ್ಲಿ ಸೇರುತ್ತಿದ್ದವು. ಹಳೆಯ ಮೋಡಿ ಬರಹವನ್ನು ಬಿಡಿಸಲು ಚರಿತ್ರೆಯ ಅಧ್ಯಾಪಕ ನೆರವಾಗುತ್ತಾನಾದರೂ, ಬರೆದ ಉಪಕರಣ ಯಾವುದು, ಅದನ್ನು ಯಾವ ಕೆಲಸಕ್ಕೆ ಹಿಡಿಯುತ್ತಿದ್ದರು ಎಂಬ ಪ್ರಶ್ನೆಗೆ ಉತ್ತರ ಬರಬೇಕಾದದ್ದು ಕೈಯಲ್ಲಿ ಆ ಕೆಲಸ ಮಾಡಿದವರಿಂದ. ಚರಿತ್ರೆ ಮತ್ತು ಕಸುಬಿನ ನಂಟು ಇಲ್ಲಿ ಗಟ್ಟಿಯಾಗುತ್ತದೆ.

1992ರಲ್ಲಿ ಬಂದ ಉನ್ನತ ಮತ್ತು ಮುಂದುವರಿದ ಶಿಕ್ಷಣದ ಕಾಯ್ದೆಯು ಈ ನಂಟಿಗೆ ದೊಡ್ಡ ಪೆಟ್ಟು ಕೊಟ್ಟಿತು. ಅರ್ಹತಾಪತ್ರ ಕೊಡುವ ಕೋರ್ಸುಗಳಿಗೆ ರಾಷ್ಟ್ರೀಯ ಅನುದಾನ ಮಂಡಳಿಯ ಹಣವನ್ನು ಒದಗಿಸಿ, ಮಿಕ್ಕವನ್ನು ಬಡಕಲು ಬೊಕ್ಕಸದ ಸ್ಥಳೀಯ ಆಡಳಿತಗಳಿಗೆ ಬಿಟ್ಟ ಈ ವಿಂಗಡಣೆಯಲ್ಲಿ, ಊರಿನ ಚರಿತ್ರೆಯನ್ನು ಓದುವುದೂ ಬುಟ್ಟಿ ಹೆಣೆಯುವುದೂ ಬಿಡುವಿನ ಹವ್ಯಾಸವೆಂಬ ಸಾಲಿಗೆ ಸರಿದವು. ಇದು ಅನ್ಯಾಯದ ವಿಂಗಡಣೆ. ಟಾನಿಯ ನೇಕಾರರಿಗೆ ಯಾವ ಪ್ರಮಾಣಪತ್ರವೂ ದೊರೆತಿರಲಿಲ್ಲ, ಆದರೂ ಅವರ ಓದನ್ನು ಹವ್ಯಾಸವೆಂದು ಯಾರೂ ಕರೆಯಲಾರರು. ಮಹಿಳಾ ಸಂಘಗಳು 1948ರಲ್ಲಿ ಮಾರ್ಚಮ್ ಎಂಬ ಹಳ್ಳಿಯಲ್ಲಿ ತೆರೆದ, ಅಲ್ಪಾವಧಿಯ ಕಸುಬು ಮತ್ತು ಚರಿತ್ರೆಯ ಪಾಠಗಳಿಗೆ ಹೆಸರಾಗಿದ್ದ ಡೆನ್ಮನ್ ಕಾಲೇಜು 2020ರಲ್ಲಿ ಮುಚ್ಚಿತು. ಏಕದಿನ ಪಾಠಗಳು ನಿಂತಿಲ್ಲ. ಸ್ಥಳೀಯ ಚರಿತ್ರೆಯ ಸಂಘಗಳೂ ಮ್ಯಾನ್ಸ್‌ಬ್ರಿಜ್ ಕಟ್ಟಿದ ಸಂಘವೂ ಅವನ್ನು ನಡೆಸುತ್ತಲೇ ಇವೆ. ಆದರೆ ಖರ್ಚು ಹೆಚ್ಚಾಗಿ ಕಲಿಯುವವರ ಶುಲ್ಕದಿಂದಲೇ ಹುಟ್ಟಬೇಕಾದ ಕಡೆಗಳಲ್ಲಿ, ಕೂಲಿಯ ಮೇಲೆ ಬದುಕುವವರಿಗೆ ಆ ಕೋಣೆಯ ಬಾಗಿಲು ಮೊದಲಿನಷ್ಟು ಅಗಲವಾಗಿ ತೆರೆದಿಲ್ಲ.