ಸತ್ತ ಕಣಿವೆಯಲ್ಲಿ ಏರಿದ ನೀರು

ಅಂಟಾರ್ಟಿಕಾ ಅಂದರೆ ನಮ್ಮ ಕಣ್ಣಮುಂದೆ ಬರುವುದು ಬರೀ ಹಿಮ. ಆದರೆ ಅಲ್ಲಿನ ಟೇಲರ್ ಕಣಿವೆಯಲ್ಲಿ ಇರುವುದು ಕಲ್ಲು, ಮರಳು, ಬೋಳು ಗುಡ್ಡ. ಒಳನಾಡಿನ ಹಿಮರಾಶಿಗೆ ಪರ್ವತಸಾಲು ಅಡ್ಡ ನಿಂತಿದೆ. ಬೀಳುವ ಅಲ್ಪಸ್ವಲ್ಪ ಹಿಮವನ್ನೂ ಒಣಗಾಳಿ ಹೀರಿಬಿಡುತ್ತದೆ. ಮೇಲಿನಿಂದ ಇಳಿದು ಬರುವ ಟೇಲರ್ ಹಿಮನದಿಯೂ ಸಮುದ್ರ ಮುಟ್ಟದೆ ಬಾನಿ ಸರೋವರದ ಬಳಿಯೇ ನಿಲ್ಲುತ್ತದೆ.

1903ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ನೌಕಾಧಿಕಾರಿ ರಾಬರ್ಟ್ ಸ್ಕಾಟ್ ಇಬ್ಬರು ಸಂಗಡಿಗರೊಂದಿಗೆ ಇಲ್ಲಿಗೆ ಇಳಿದರು. ಜೀವದ ಗುರುತಾಗಿ ಕಂಡದ್ದು ಸೀಲ್ ಪ್ರಾಣಿಯೊಂದರ ಅಸ್ಥಿಪಂಜರ ಮಾತ್ರ. ಇದು ಸತ್ತ ಕಣಿವೆ ಎಂದೇ ಅವರು ತೀರ್ಮಾನಿಸಿದರು.

ಆದರೆ ಸ್ಕಾಟ್ ಇನ್ನೊಂದು ಕೆಲಸವನ್ನೂ ಮಾಡಿದ್ದರು. ಸರೋವರದ ಇಕ್ಕಟ್ಟಾದ ಜಾಗವನ್ನು ಅಳೆದು ಬರೆದಿಟ್ಟಿದ್ದರು: 17 ಅಡಿ. ಅದೇ ಜಾಗ ಈಗ ಎಷ್ಟೋ ಪಟ್ಟು ಅಗಲವಾಗಿದೆ. ಬೇಸಿಗೆಯ ಕೆಲವು ವಾರ ಹಿಮನದಿಗಳು ಕರಗಿ ಹಳ್ಳಗಳಾಗಿ ಹರಿಯುತ್ತವೆ. ಆ ನೀರು ಹೊರಹೋಗಲು ದಾರಿಯಿಲ್ಲ, ಹಾಗಾಗಿ ಸರೋವರ ಏರಿದೆ. ಮಣ್ಣಿನಲ್ಲಿ ಅತಿ ಸಣ್ಣ ಹುಳುಗಳು, ನೀರಿನಲ್ಲಿ ಸೂಕ್ಷ್ಮಜೀವಿಗಳು ಬದುಕಿವೆ ಎಂಬುದೂ ಆಮೇಲೆ ಗೊತ್ತಾಯಿತು.

ಕಣ್ಣಳತೆಯ ತೀರ್ಪು ಬಿದ್ದುಹೋಯಿತು, ಬರೆದಿಟ್ಟ ಅಳತೆ ಉಳಿಯಿತು. ಬಾನಿ ಸರೋವರ ಎಷ್ಟು ಏರಿದೆ ಎಂಬ ಲೆಕ್ಕ ಆ 17 ಅಡಿಯಿಂದಲೇ ಶುರುವಾಗುತ್ತದೆ.